ಸುಣ್ಣದಿಂದ ಸುಣ್ಣಕ್ಕೆ

ಕಂಚಗಾರ ಓಣಿಯ ನನ್ನ ಮನೆಯನ್ನು ಮಾರಿಬಿಡುವುದೆಂದು ಗಟ್ಟಿ ಮಾಡಿದ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಪೇಟೆಗೆ ಹೋಗಿ ಒಂದು ಹೊಸ ಚಾಪೆ ತಂದದ್ದು. ಆಮೇಲೆ ಪಡಸಾಲೆಯ ಮೂಲೆಯಲ್ಲಿ ಪೇರಿಸಿಟ್ಟಿದ್ದ ಹಳೆ ಸೀರೆಗಳ ಗಂಟುಗಳನ್ನೆಲ್ಲ ಅಟ್ಟಕ್ಕೇರಿಸಿ, ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಜಾಗ ಮಾಡಿದೆ. ನಮ್ಮೂರಲ್ಲಿ ಮನೆ ಮಾರುವವರೆಲ್ಲ ಶುರು ಮಾಡುವುದು ಹೀಗೆಯೇ. ಕರಾರಾದ ಸಂಜೆ ದಲ್ಲಾಳಿ ತನ್ನ ಹಾಸಿಗೆಯ ಸುರುಳಿ, ತಾಟು, ತಂಬಿಗೆ ಹಿಡಿದುಕೊಂಡು ಬರುತ್ತಾನೆ, ಬಾಗಿಲ ಮೇಲೆ ಹಲಗೆ ಬಡಿಯುತ್ತಾನೆ, ಮನೆ ಮಾರಾಟವಾಗುವವರೆಗೆ ಅಲ್ಲೇ ಉಣ್ಣುತ್ತಾನೆ, ಅಲ್ಲೇ ಮಲಗುತ್ತಾನೆ. ತಾನು ಮಲಗಿ ಏಳದ ಮನೆಯ ವಿಷಯ ಮಾತಾಡುವ ದಲ್ಲಾಳಿಯನ್ನು ನಮ್ಮೂರಲ್ಲಿ ಯಾರೂ ಜಗಲಿ ಹತ್ತಿಸುವುದಿಲ್ಲ.

ಮನೆ ಬೇಗ ಹೋದರೆ ಸರಿ. ತಡವಾದರೆ ದಲ್ಲಾಳಿ ಆ ಮನೆಯವನೇ ಆಗಿಬಿಡುತ್ತಾನೆ. ಮೇಲಿನ ಓಣಿಯ ಸೋಮವ್ವನ ಮನೆ ಮಾರಾಟವಾಗುವಷ್ಟರಲ್ಲಿ ಅವಳ ದಲ್ಲಾಳಿ ಇಬ್ಬರು ಹೆಣ್ಣುಮಕ್ಕಳಿಗೆ ಗಂಡು ಹುಡುಕಿ, ಬೀಗರ ಜೊತೆ ಜಗಳವಾಡಿ, ಕೊನೆಗೆ ಮೊಮ್ಮಗಳ ತೊಟ್ಟಿಲ ಶಾಸ್ತ್ರದಲ್ಲಿ ಸೋದರಮಾವನ ಜಾಗದಲ್ಲಿ ಕೂತಿದ್ದ. ಮನೆ ಹೋದ ದಿನ ಎಲ್ಲರೂ ಗೊಳೋ ಎಂದು ಅತ್ತರು, ಕೊಂಡವರನ್ನು ಬಿಟ್ಟು. ಹೆಣ್ಣು ನೋಡಲು ಬಂದವರು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ದಲ್ಲಾಳಿಯನ್ನೂ ಸೇರಿಸಿ ಹೇಳುವುದು ನಮ್ಮಲ್ಲಿ ರೂಢಿ.

ಕರಾರು ಎಷ್ಟು ದಿನದ್ದೆಂದು ಕೇಳಿದರೆ ಸುಣ್ಣದಿಂದ ಸುಣ್ಣಕ್ಕೆ ಅನ್ನುತ್ತೇವೆ. ದೀಪಾವಳಿಗೆ ಗೋಡೆಗಳಿಗೆ ಸುಣ್ಣ ಬಳಿದ ಮೇಲೆ ಹುಟ್ಟಿದ ಕರಾರು, ಮುಂದಿನ ದೀಪಾವಳಿಗೆ ಅದರ ಮೇಲೆ ಹೊಸ ಸುಣ್ಣ ಬಿದ್ದಾಗ ತೀರುತ್ತದೆ. ಅಲ್ಲಿಯವರೆಗೆ ಇನ್ನೊಬ್ಬ ದಲ್ಲಾಳಿಯನ್ನು ಕರೆಯುವಂತಿಲ್ಲ. ಮಾಲೀಕರೇ ಗಿರಾಕಿಯನ್ನು ಹುಡುಕಿ ತಂದರೂ ದಲ್ಲಾಳಿಯ ಪಾಲು ದಲ್ಲಾಳಿಗೇ. ಅವನು ಒಂದು ರಾತ್ರಿ ಹೊರಗೆ ಮಲಗಿದರೆ ಮಾತ್ರ ಕರಾರು ತಾನಾಗಿ ಮುರಿಯುತ್ತದೆ. ಹಾಗೆ ಮುರಿದುಕೊಂಡ ದಡ್ಡನನ್ನು ನಾನಂತೂ ಕಂಡಿಲ್ಲ. ನಡುವೆಯೇ ಸುಣ್ಣ ಬಳಿದು ಕೈ ತೊಳೆದುಕೊಳ್ಳಬಹುದು. ಆದರೆ ಅದು ದಲ್ಲಾಳಿಯ ಮುಖಕ್ಕೇ ಬಳಿದಷ್ಟು ಅವಮಾನವೆಂದು ಮರ್ಯಾದಸ್ಥರು ಆ ಕೆಲಸಕ್ಕೆ ಹೋಗುವುದಿಲ್ಲ. ನಾನು ಮರ್ಯಾದಸ್ಥೆ ಎಂದೇ ಆಗ ನನ್ನ ನಂಬಿಕೆಯಾಗಿತ್ತು.

ನನ್ನ ಹೆಸರು ಚೂಡಾಮಣಿ, ಓಣಿಗೆಲ್ಲ ಚೂಡಕ್ಕ. ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವುದು ನನ್ನ ಕಸುಬು. ಮದುವೆಯಾಗಲಿಲ್ಲ; ಆಗೆಂದು ಯಾರೂ ಗಂಟು ಬೀಳಲಿಲ್ಲ, ನಾನೂ ಬಿದ್ದು ಅಳಲಿಲ್ಲ. ಮನೆ ಸೋದರತ್ತೆಯಿಂದ ಬಂದದ್ದು. ಸುತ್ತ ಮೂರು ಕಡೆ ಕಂಚಗಾರರ ಕುಲುಮೆಗಳು, ಅವುಗಳ ಎತ್ತರದ ಗೋಡೆಗಳ ನಡುವೆ ನನ್ನ ಮನೆ ಕತ್ತು ಸಿಕ್ಕಿಸಿಕೊಂಡು ಕೂತಂತಿತ್ತು. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಢಣಢಣ. ಆ ಸದ್ದಿಗೆ ನಾನು ಎಂದೋ ಒಗ್ಗಿದ್ದೆ. ಕತ್ತಲೆಗೆ ಮಾತ್ರ ನನ್ನ ಕಣ್ಣು ಒಗ್ಗಲಿಲ್ಲ. ಹಗಲಲ್ಲೇ ಸೂಜಿಯ ಕಣ್ಣು ಕಾಣದಾಯಿತು. ಒಂದು ಸಲ ಕೆಂಪು ಅಂಚಿಗೆ ಕಂದು ಅಂಚು ಜೋಡಿಸಿಬಿಟ್ಟೆ; ಕೊಳ್ಳಲು ಬಂದವಳು ಮುಸಿಮುಸಿ ನಕ್ಕಳು. ಅಂದು ನನಗೆ ನಿಜವಾಗಿಯೂ ಭಯವಾಯಿತು. ಕೌದಿ ಬಿಟ್ಟರೆ ನನ್ನ ಕೈಗೆ ಬೇರೇನೂ ಬರುವುದಿಲ್ಲ.

ಕೆರೆಯ ದಂಡೆಯ ಮೇಲೆ ನನ್ನ ಗೆಳತಿ ಬಸಲಿಂಗವ್ವನ ಮನೆಯಿದೆ. ಎರಡೇ ಕೋಣೆ, ಆದರೆ ಮುಂದಿನ ಪಡಸಾಲೆ ನೀರಿಗೆ ಮುಖ ಮಾಡಿಕೊಂಡಿದೆ. ಅಲ್ಲಿ ದಿನವಿಡೀ ಎಷ್ಟು ಬೆಳಕೆಂದರೆ ಹೊಲಿಗೆ ತಾನಾಗಿಯೇ ನೆಟ್ಟಗೆ ಹೋಗುತ್ತದೆ. ಬಸಲಿಂಗವ್ವ ಪರವೂರಿನ ಮಗಳ ಮನೆಗೆ ಹೊರಟಿದ್ದಳು. ಗೆಳತಿಯರ ನಡುವೆ ಬರೀ ಮಾತಿನ ಮೇಲೆ ಮನೆ ಕೊಡಬಹುದು, ಅದಕ್ಕೆ ದಲ್ಲಾಳಿ ಬೇಡ.

"ಹಕ್ಕಿ ಹೋಗೂತನಾ ಕಾಯತೀನಿ ನೋಡ ಚೂಡವ್ವ," ಅಂದಳು. "ಅವು ಹಾರಿದ ಮ್ಯಾಲೆ ನಾನೂ ಹೊಂಟೆ. ಆಮ್ಯಾಲೆ ಯಾರರ ದಲ್ಲಾಳಿನ್ನ ಕರದು ಹಲಗಿ ಬಡಿಸಿಬಿಡತೀನಿ."

ಚಳಿಗೆ ನಮ್ಮ ಕೆರೆಗೆ ಬಿಳಿ ಹಕ್ಕಿಗಳು ಬಂದಿಳಿದು, ಬಿಸಿಲು ಏರಿದಾಗ ಹಾರಿಹೋಗುತ್ತವೆ. ಅಷ್ಟರೊಳಗೆ ನನ್ನ ಮನೆ ಹೋಗಿ, ಅದರ ಹಣ ಅವಳ ಕೈ ಸೇರಬೇಕು. ಹೋಗದಿದ್ದರೆ ಆ ಬೆಳಕು ಇನ್ಯಾರದೋ ಪಾಲು.

ದಲ್ಲಾಳಿ ಕಲ್ಮೇಶಪ್ಪ ಬಂದದ್ದು ಆಗ. ಎತ್ತರದ ಆಳು, ಒಳಗೆ ಕಾಲಿಡುತ್ತಲೇ ತೊಲೆಗೆ ಹಣೆ ಬಡಿದುಕೊಂಡರು. ನಮಸ್ಕಾರವಿಲ್ಲ, ನೀರು ಕೊಡಿ ಎಂಬ ಮಾತಿಲ್ಲ, ಹಣೆ ಉಜ್ಜಿಕೊಳ್ಳುತ್ತ ಅಂದ ಮೊದಲ ಮಾತು:

"ತೊಲಿ ಗಿಡ್ಡ ಐತಿ. ಗಿರಾಕಿಗೆ ಹೇಳಬೇಕಾಗತೈತಿ."

ಆಗಲೇ ನನಗೆ ತಿಳಿಯಬೇಕಿತ್ತು. ಕಲ್ಮೇಶಪ್ಪನವರಿಗೆ ಹೆಂಡತಿ ಮಕ್ಕಳಿಲ್ಲ, ಮನೆಯಂತೂ ಮೊದಲೇ ಇಲ್ಲ. ಪ್ರಾಯ ಬಂದಾಗಿನಿಂದ ಊರವರ ಮನೆಗಳಲ್ಲೇ ಮಲಗಿ ಎದ್ದವರು. ಊರಿಗೆಲ್ಲ ಅವರು ಒಳ್ಳೆಯವರೆಂದು ಹೆಸರು. ಒಳ್ಳೆಯವರೆಂದರೆ ಎಂಥ ಒಳ್ಳೆಯವರೆಂಬುದು ಮೊದಲ ಗಿರಾಕಿ ಬಂದಾಗ ಗೊತ್ತಾಯಿತು.

"ಗಾಳಿ ಹ್ಯಾಂಗ್ರಿ?" ಎಂದು ಆ ಗಿರಾಕಿ ಕೇಳಿದ.

"ಬರತೈತ್ರಿ. ಕುಲುಮಿ ಹೊಗಿನ್ನೂ ಕೈ ಹಿಡಕೊಂಡ ಬರತೈತಿ."

"ಮಧ್ಯಾಹ್ನ ಊಟ ಆದ ಮ್ಯಾಲೆ ಒಂದೀಟು ಮಲಗಾಕ?"

"ಮಲಗಬಹುದ್ರಿ. ನಿದ್ದಿ ಮಾತ್ರ ಬರೂದಿಲ್ಲ."

ಗಿರಾಕಿ ತಣ್ಣಗೆ ಚಪ್ಪಲಿ ಮೆಟ್ಟಿಕೊಂಡ. ಅವನ ಹಿಂದೆ ಬಂದವರದೂ ಅದೇ ಕಥೆ. ಅಡಿಗೆಮನೆಯ ಮೂಲೆ ಮಳೆಗಾಲದಲ್ಲಿ ಬೆವರುತ್ತದೆ, ಹಿತ್ತಲ ಬಾಗಿಲು ತೆರೆಯಲು ಭುಜ ಕೊಡಬೇಕು, ಎದುರು ಮನೆಯ ಮುದುಕ ಮಾತಿಗೆ ಸಿಕ್ಕರೆ ಬಿಡುವುದಿಲ್ಲ. ಮೂವತ್ತು ವರ್ಷ ಇದ್ದ ನನಗೇ ಗೊತ್ತಿಲ್ಲದ ದೋಷಗಳನ್ನು ಈ ಮನುಷ್ಯ ಕೂತಲ್ಲಿಂದಲೇ ಹುಡುಕುತ್ತಿದ್ದರು. ನನ್ನ ಮೈ ಉರಿದುಹೋಯಿತು.

"ನೀವು ನನ್ನ ಮನಿ ಮಾರಾಕ ಬಂದೀರೋ, ಕಾಯಾಕ ಬಂದೀರೋ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಖರೇ ಹೇಳದಿದ್ರ ಮನಿ ಕೊಂಡವರು ನಾಳೆ ನನ್ನ ಮುಖಾ ನೋಡೂದಿಲ್ರಿ."

"ಅರ್ಧ ಖರೇ ಹೇಳ್ರಿ."

"ಯಾವ ಅರ್ಧ ಅಂತ ನೀವ ಆರಿಸಿಕೊಡ್ರಿ," ಎಂದು ರೊಟ್ಟಿ ಮುರಿದರು. ಆಮೇಲೆ ಪಲ್ಯ ಬಾಯಿಗಿಟ್ಟು, "ಇವತ್ತ ಉಪ್ಪು ಒಂದೀಟು ಮುಂದ ಆಗೇತಿ" ಅಂದರು.

ಇಂಥವರ ಮೇಲೆ ಸಿಟ್ಟು ಮಾಡುವುದೂ ಸುಲಭವಲ್ಲ. ಬೆಳಗ್ಗೆ ನಾನು ಏಳುವಷ್ಟರಲ್ಲಿ ನನ್ನ ಸೂಜಿಗಳಿಗೆಲ್ಲ ದಾರ ಪೋಣಿಸಿ ಸಾಲಾಗಿ ಬಟ್ಟೆಗೆ ಚುಚ್ಚಿಟ್ಟಿರುತ್ತಿದ್ದರು. ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಕಣ್ಣು ಕಿರಿದು ಮಾಡಿ ಸೂಜಿ ಹಿಡಿದು ಪರದಾಡುವುದನ್ನು ಯಾವಾಗಲೋ ನೋಡಿರಬೇಕು. ಸಂಜೆ ಸುತ್ತಿಗೆಗಳು ನಿಂತ ಮೇಲೆ ತಾವು ಮಲಗಿದ್ದ ಮನೆಗಳ ಕಥೆ ಹೇಳುತ್ತಿದ್ದರು. ಒಂದು ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟು, ಉಪ್ಪಿನಕಾಯಿ ಬೇಕೆಂಬುದನ್ನೂ ಇವರ ಮೂಲಕವೇ ಹೇಳಿಸುತ್ತಿದ್ದರಂತೆ. ನಾನು ನಕ್ಕು ನಕ್ಕು ಸೂಜಿ ಚುಚ್ಚಿಕೊಳ್ಳುತ್ತಿದ್ದೆ. ಆದರೆ ನಗುತ್ತ ಕೂತರೆ ಕೆರೆಯ ಮನೆ ಕೈಗೆ ಬರುತ್ತದೆಯೇ?

ಕರಾರು ಮುರಿಯಲು ನಾನು ಪಟ್ಟ ಪಾಡು ಹೇಳಿದರೆ ನೀವೇ ನಗುತ್ತೀರಿ. ನಾಲ್ಕು ಹರದಾರಿ ಆಚೆಯ ಹಳ್ಳಿಯಲ್ಲಿ ನನ್ನ ದೂರದ ಸಂಬಂಧಿಕರ ಮದುವೆಯಿತ್ತು. ನನಗೆ ಮೈ ಸರಿಯಿಲ್ಲ, ನನ್ನ ಪರವಾಗಿ ನೀವೇ ಹೋಗಿ ಅಕ್ಷತೆ ಹಾಕಿ ಬನ್ನಿ ಎಂದು ಕಲ್ಮೇಶಪ್ಪನವರನ್ನು ಕಳಿಸಿದೆ. ಅಲ್ಲಿನವರು ಮಾತಿನ ಮಲ್ಲರು, ಬಂದವರನ್ನು ಉಳಿಸಿಕೊಳ್ಳದೆ ಬಿಡುವವರಲ್ಲ. ಇಂದಿಗೆ ಕರಾರು ಮುರಿಯಿತು ಎಂದು ನಿಶ್ಚಿಂತೆಯಿಂದ ಮಲಗಿದ್ದೆ. ಬೆಳಗ್ಗೆ ಎದ್ದರೆ ಪಡಸಾಲೆಯಲ್ಲಿ ಮನುಷ್ಯ ಗೊರಕೆ ಹೊಡೆಯುತ್ತಿದ್ದಾರೆ, ತಲೆದೆಸೆಯಲ್ಲಿ ಲಾಡುವಿನ ಪೊಟ್ಟಣ. ನಡೆದೇ ಬಂದಿದ್ದರು.

"ನಿಮಗ ಮೈಯಾಗ ಆರಾಮ ಇಲ್ಲಂದಿದ್ರಿ," ಎಂದು ಪೊಟ್ಟಣ ನನ್ನ ಮುಂದೆ ಹಿಡಿದರು. "ಲಾಡು ಬಿರುಸ ಅದಾವ. ನೆನಸಿ ತಿನ್ರಿ."

ಬಿಸಿಲು ಬಲಿಯತೊಡಗಿತು. ಕೆರೆಯ ನಡುಗಡ್ಡೆಯ ಮೇಲೆ ಹಕ್ಕಿಗಳು ರೆಕ್ಕೆ ಬಡಿದು ಮೇಲೆದ್ದು ಮತ್ತೆ ಕೂರುತ್ತಿವೆ ಎಂದು ಬಸಲಿಂಗವ್ವ ಹೇಳಿಕಳಿಸಿದಳು. ನನ್ನ ತಾಳ್ಮೆ ತಪ್ಪಿತು. ಸಂತೆಯ ದಿನ ಕಲ್ಮೇಶಪ್ಪ ಆಚೆ ಹೋದದ್ದೇ ತಡ, ಸುಣ್ಣ ಕಲಸಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಬಳಿಯಲು ನಿಂತೆ. ಸಂಜೆಯೊಳಗೆ ಇಡೀ ಮನೆ ಬಳಿದು ಮುಗಿಸಿ ನಮಸ್ಕಾರ ಹೇಳಿಬಿಡುವುದೆಂದು ನನ್ನ ಎಣಿಕೆ. ಅಡಿಗೆಮನೆಯ ಮಸಿ ಎಷ್ಟು ಸುಣ್ಣ ಕುಡಿಯುತ್ತದೆಂದು ಯಾರು ಎಣಿಸಿದ್ದರು? ಅದೊಂದು ಕೋಣೆ ಮುಗಿಯುವಷ್ಟರಲ್ಲಿ ಬಕೆಟ್ಟು ಬರಿದಾಯಿತು. ಕಲ್ಮೇಶಪ್ಪ ಸಂತೆಚೀಲ ಹಿಡಿದು ಬಂದಾಗ ನಾನು ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಅಡಿಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತಿದ್ದೆ.

ಅವರು ಗೋಡೆ ನೋಡಿದರು, ನನ್ನನ್ನು ನೋಡಿದರು. ಬಯ್ಯಲಿಲ್ಲ. ಮುಖ ಮಾತ್ರ ಸಣ್ಣದಾಯಿತು. ನನಗಾದ ನಾಚಿಕೆ ಅಷ್ಟಿಷ್ಟಲ್ಲ.

"ಈ ಮೂಲಿ ಬಿಟ್ಟೀರಿ," ಎಂದಷ್ಟೇ ಹೇಳಿ ಪೇಟೆಯ ಹಿಂದಿನ ದಲ್ಲಾಳಿ ಕಟ್ಟೆಗೆ ಹೋದರು. ಮನೆ ಹಿಡಿಯದ ದಲ್ಲಾಳಿಗಳೆಲ್ಲ ಹಾಸಿಗೆ ಸುರುಳಿ ಪಕ್ಕದಲ್ಲಿಟ್ಟುಕೊಂಡು ಕೂರುವುದು, ಮಲಗುವುದು ಅಲ್ಲಿಯೇ. ಕರಾರಿನ ತಂಟೆಗಳನ್ನು ಬಿಡಿಸುವುದೂ ಅಲ್ಲಿನ ಹಿರಿಯರೇ. ಅವರು ಬಂದು, ಗೋಡೆ ಮುಟ್ಟಿ, ಬೆರಳಿಗೆ ಹತ್ತಿದ ಸುಣ್ಣ ನೋಡಿ ತೀರ್ಪು ಕೊಟ್ಟರು. ಬಳಿದಷ್ಟು ಬಿಡುಗಡೆ, ಉಳಿದದ್ದು ಕರಾರಿನಲ್ಲಿ. ಅಂದರೆ ಪಡಸಾಲೆ, ಕೋಣೆ, ಅಟ್ಟ ಕಲ್ಮೇಶಪ್ಪನವರದು. ಅಡಿಗೆಮನೆಗೆ ನಾನು ಬೇರೆ ದಲ್ಲಾಳಿಯನ್ನು ಕರೆದುಕೊಳ್ಳಬಹುದು. ಊರ ಬಾಯಿಗೆ ಹಬ್ಬವಾಯಿತು. ನಾನೂ ಹಟಕ್ಕೆ ಬಿದ್ದೆ. ಮರುದಿನವೇ ಅಂಬಾಬಾಯಿಯನ್ನು ಕರೆಸಿದೆ.

ಅಂಬಾಬಾಯಿ ಗುಂಡುಗುಂಡಾದ ಹೆಂಗಸು. ಬಾಯಲ್ಲಿ ಸದಾ ಎಲೆಯಡಿಕೆ, ಅದರ ಮೇಲೆ ಮಾತು. ಅಡಿಗೆಮನೆಯ ಬಾಗಿಲಿಗೆ ಪುಟ್ಟ ಹಲಗೆ ಬಡಿದು, ಒಲೆಯ ಪಕ್ಕ ಹಾಸಿಗೆ ಬಿಚ್ಚಿ, "ಚಿಂತಿ ಬಿಡ ಯವ್ವಾ, ನಾಕ ಮಾತಿನ್ಯಾಗ ಮನಿ ಹೋಗತೈತಿ" ಎಂದಳು.

ಒಬ್ಬ ದಲ್ಲಾಳಿಯ ನೆಲವನ್ನು ಇನ್ನೊಬ್ಬ ದಲ್ಲಾಳಿ ತುಳಿಯಬಾರದು, ಅದು ಕಟ್ಟೆಯ ಕಟ್ಟುಪಾಡು. ಹಾಗಾಗಿ ಕಲ್ಮೇಶಪ್ಪ ಊಟಕ್ಕೆ ಹೊಸ್ತಿಲ ಈಚೆ ತಾಟು ಇಟ್ಟುಕೊಂಡು ಕೂರಬೇಕಾಯಿತು. ಅಂಬಾಬಾಯಿ ಪೇಟೆಗೆ ಹೋಗಬೇಕೆಂದರೆ ಹಿತ್ತಲ ಬಾಗಿಲಿಗೆ ಭುಜ ಕೊಟ್ಟು ಊರೆಲ್ಲ ಸುತ್ತಿ ಹೋಗುತ್ತಿದ್ದಳು. ಇಬ್ಬರಿಗೂ ಬಡಿಸುತ್ತ ನಾನು ಒಳಗೂ ಹೊರಗೂ ಓಡಾಡಿದೆ. ಹಿತ್ತಲಿನಿಂದ ಬಂದ ಗಿರಾಕಿಗೆ ಅಂಬಾಬಾಯಿ, "ಈ ಒಲಿ ಮ್ಯಾಲೆ ಬರೇ ಅನ್ನಕ್ಕ ಇಟ್ರೂ ಪಾಯಸದ ರುಚಿ ಬರತೈತಿ" ಅನ್ನುವಳು. ಅವನು ಬಾಯಿ ಚಪ್ಪರಿಸುತ್ತ ಹೊಸ್ತಿಲು ದಾಟಿದರೆ ಈಚೆ ಕಲ್ಮೇಶಪ್ಪ, "ಉಂಡ ಮ್ಯಾಲೆ ಕೈ ತೊಳಿಯಾಕ ಹೋಗುವಾಗ ತೊಲಿ ನೋಡಕೋರಿ" ಅನ್ನುವರು. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚಿ, ಮನೆ ಇದ್ದಲ್ಲೇ ಇತ್ತು.

ಅಂಬಾಬಾಯಿ ಸುಮ್ಮನೆ ಕೂರುವವಳಲ್ಲ. ಅಮಾವಾಸ್ಯೆಯ ದಿನ ಕಂಚಗಾರರು ಕುಲುಮೆ ಹೊತ್ತಿಸುವುದಿಲ್ಲ, ಓಣಿಗೆ ಓಣಿಯೇ ಮೌನ. ಅಂದೇ ಗಿರಾಕಿಗಳನ್ನು ಕರೆತರುವುದೆಂದು ಹೂಟ ಹೂಡಿದಳು. ಹೊಸ್ತಿಲಿಗೆ ಬಂದು ಕಲ್ಮೇಶಪ್ಪನವರಿಗೆ ಹೇಳಿದಳು:

"ಸುಳ್ಳ ಹೇಳ್ರಿ ಅನ್ನೂದಿಲ್ಲ ನಿಮಗ. ಕೇಳಿದ್ರ ಕೆಮ್ಮಿಬಿಡ್ರಿ."

"ಮೂಕ ದಲ್ಲಾಳಿ ಎಲ್ಲ್ಯರ ಇರತಾನೇನ?" ಎಂದು ಅವರು ಮುಖ ತಿರುಗಿಸಿದರು.

ಆಗ ನಾನು ಅವರ ಎದುರು ಕೂತೆ. ಅದುವರೆಗೆ ಜಗಳವಾಡಿದ್ದೆ, ಉಪಾಯ ಮಾಡಿದ್ದೆ, ಕೇಳಿಕೊಂಡಿರಲಿಲ್ಲ. ಕೆರೆಯ ಮನೆಯ ವಿಷಯ ಹೇಳಿದೆ, ಕೆಂಪು ಅಂಚಿಗೆ ಕಂದು ಅಂಚು ಜೋಡಿಸಿದ್ದು ಹೇಳಿದೆ, ಹಕ್ಕಿಗಳು ಅರ್ಧಕ್ಕರ್ಧ ಹಾರಿಹೋಗಿವೆ ಎಂದೆ. ಕಲ್ಮೇಶಪ್ಪ ಬಟ್ಟೆಗೆ ಚುಚ್ಚಿಟ್ಟಿದ್ದ ಸೂಜಿಗಳ ಕಡೆ ನೋಡಿದರು.

"ಆತ್ರಿ," ಅಂದರು ಕೊನೆಗೆ. "ನಿಮ್ಮ ಸಲುವಾಗಿ ಒಂದಿನ ಬಾಯಿ ಮುಚಗೋತೀನಿ."

ಅಮಾವಾಸ್ಯೆಗೆ ಬಂದವರು ಗಂಡ ಹೆಂಡತಿ, ಮುದಕಪ್ಪ ಮತ್ತು ನೀಲವ್ವ. ಹಿತ್ತಲಲ್ಲಿ ಅವರು ಮಾತಾಡುವುದು ಕೇಳಿ ಯಾರೋ ಜಗಳಕ್ಕೆ ಬಂದಿದ್ದಾರೆಂದೇ ನಾನು ತಿಳಿದೆ. ಮೇಲಿನ ಗುಡ್ಡದಲ್ಲಿ ನೀರು ಧುಮುಕುವ ಜಾಗದ ಪಕ್ಕ ಹಿಟ್ಟಿನ ಗಿರಣಿ ನಡೆಸುತ್ತಿದ್ದವರಂತೆ. ಗಿರಣಿ ನಿಂತು ಊರಿಗೆ ಬಂದಿದ್ದರು. ಹುಟ್ಟಿದಾಗಿನಿಂದ ಆ ಭೋರ್ಗರೆತದ ಮೇಲೆ ದನಿ ಎತ್ತಿ ಅಭ್ಯಾಸ, ಈಗ ಪಿಸುಮಾತೂ ಕೂಗಿಯೇ ಆಡುತ್ತಿದ್ದರು.

"ಛಲೋ ಐತಲ್ಲೇ ಅಡಿಗಿಮನಿ!" ಎಂದು ಮುದಕಪ್ಪ ಕೂಗಿದ.

"ಮನಿ ಅಷ್ಟ ಅಲ್ರಿ, ಈ ಶಾಂತಿ ನೋಡ್ರಿ," ಎಂದಳು ಅಂಬಾಬಾಯಿ, ಕೈ ಆಡಿಸಿ. "ಸೂಜಿ ಬಿದ್ರ ಕೇಳಸತೈತಿ."

ನೀಲವ್ವನ ಮುಖ ಬಾಡಿತು. ಅವಳು ಪಡಸಾಲೆಗೆ ಬಂದು ಕಿವಿಗೊಟ್ಟು ನಿಂತಳು. ಓಣಿಯಲ್ಲಿ ಒಂದು ಸದ್ದಿಲ್ಲ. ಇದ್ದಕ್ಕಿದ್ದಂತೆ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು. ಅಳುವೂ ಜೋರಾಗಿಯೇ ಇತ್ತು.

"ಇಲ್ಲೂ ಸದ್ದಿಲ್ಲ! ಊರಿಗೆ ಬಂದಾಗಿಂದ ನನಗ ನಿದ್ದಿ ಇಲ್ಲ! ರಾತ್ರಿ ಅಂದ್ರ ರಾತ್ರಿ ಇಲ್ಲ, ಹಗಲಂದ್ರ ಹಗಲಿಲ್ಲ! ನನ್ನ ಎದಿ ಬಡಿಯೂದು ನನಗ ಕೇಳತೈತಿ, ಅಂಜಿಕಿ ಬರತೈತಿ!"

ಮುದಕಪ್ಪ ಅವಳ ತೋಳು ಹಿಡಿದೆಬ್ಬಿಸಿದ. "ನಡಿ, ಬ್ಯಾರೆ ನೋಡೂಣು!"

ಅಂಬಾಬಾಯಿಯ ಬಾಯಲ್ಲಿ ಎಲೆಯಡಿಕೆ ಹಾಗೇ ನಿಂತಿತು. ನಾನು ಓಡಿಹೋಗಿ ಅಡ್ಡ ನಿಂತೆ. ಇಲ್ಲಿ ದಿನಾ ಸದ್ದು, ಕಿವಿ ಹಾರಿಹೋಗುವ ಸದ್ದು, ಇವತ್ತೊಂದು ದಿನ ಅಮಾವಾಸ್ಯೆ ಎಂದು ಬಡಬಡಿಸಿದೆ. ಗಂಡ ಹೆಂಡತಿ ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು. ನಮ್ಮೂರಲ್ಲಿ ಮಾಲೀಕರು ತಮ್ಮ ಮನೆಯ ಬಗ್ಗೆ ಏನು ಹೇಳಿದರೂ ಅದಕ್ಕೆ ಕಿಮ್ಮತ್ತಿಲ್ಲ. ಕೇಳಬೇಕಾದ ಬಾಯಿಯೇ ಬೇರೆ. ತಿರುಗಿ ನೋಡಿದರೆ ಕಲ್ಮೇಶಪ್ಪ ಗೋಡೆಗೊರಗಿ, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಾರೆ. ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದಾರೆ ಪುಣ್ಯಾತ್ಮ!

"ಕಲ್ಮೇಶಪ್ಪನವರ, ಹೇಳ್ರಿ!" ಎಂದು ನಾನೂ ನೀಲವ್ವನಷ್ಟೇ ಜೋರಾಗಿ ಕಿರುಚಿದೆ. "ನಿಮ್ಮ ಕಾಲ ಹಿಡೀತೀನಿ, ಖರೇ ಹೇಳ್ರಿ! ಪೂರಾ ಹೇಳ್ರಿ!"

ಕೈ ತೆಗೆದರು ನೋಡಿ, ಕಟ್ಟೆ ಒಡೆದಂತಾಯಿತು. ಎಡಗಡೆ ಕೊಡ ಬಡಿಯುವವರು, ಬಲಗಡೆ ಗಂಟೆ ಮಾಡುವವರು, ಹಿಂದೆ ತಗಡು ಕಾಸುವವರು. ಯಾವ ಸುತ್ತಿಗೆ ಯಾವಾಗ ಶುರುವಾಗುತ್ತದೆ, ಯಾವುದು ಗೋಡೆ ನಡುಗಿಸುತ್ತದೆ, ಯಾವುದು ಹಲ್ಲಿನೊಳಗೆ ಇಳಿಯುತ್ತದೆ, ಮಧ್ಯಾಹ್ನ ಒಬ್ಬರು ಊಟಕ್ಕೆ ಎದ್ದರೆ ಇನ್ನೊಬ್ಬರು ಹೇಗೆ ಹಿಡಿಯುತ್ತಾರೆ, ಎಲ್ಲವನ್ನೂ ಹೇಳಿದರು. ಮನೆಯ ಇಷ್ಟು ದೊಡ್ಡ ದೋಷವನ್ನು ಇಷ್ಟು ಉತ್ಸಾಹದಿಂದ ಯಾವ ದಲ್ಲಾಳಿಯೂ ಹೇಳಿರಲಾರ. ನೀಲವ್ವನ ಅಳು ನಿಂತು ಕಣ್ಣು ಅರಳಿತು. ತೊಲೆಯ ವಿಷಯವನ್ನೂ ಬಿಡಲಿಲ್ಲ ಅನ್ನಿ.

"ಖರೇನ?" ಎಂದಳು ನೀಲವ್ವ. ಅದನ್ನಾದರೂ ಮೆಲ್ಲಗೆ ಕೇಳಿದಳು.

"ಇವತ್ತ ಇಲ್ಲೇ ಮಲಗ್ರಿ. ಮುಂಜಾನಿ ನೀವ ಕೇಳ್ರಿ."

ಅಂದು ಅವರು ಪಡಸಾಲೆಯಲ್ಲಿ ಮಲಗಿದರು. ರಾತ್ರಿಯೆಲ್ಲ ಹೊರಳಾಡುವುದು ಒಳಗೆ ಕೇಳುತ್ತಿತ್ತು. ಬೆಳಗಾಯಿತು, ಕುಲುಮೆಗಳು ಹೊತ್ತಿದವು, ಮೊದಲ ಸುತ್ತಿಗೆ ಬಿತ್ತು, ಆಮೇಲೆ ಓಣಿಗೆ ಓಣಿಯೇ ಬಡಿಯತೊಡಗಿತು. ಬಂದು ನೋಡಿದರೆ ಗಂಡ ಹೆಂಡತಿ ಇಬ್ಬರೂ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಾರೆ. ಕಂಚಗಾರರು ದೀಪ ಹಚ್ಚಿ ಕೆಲಸ ನಿಲ್ಲಿಸಿದಾಗಲೇ ನೀಲವ್ವ ಗಾಬರಿಯಿಂದ ಎದ್ದು ಕೂತು, "ಏನಾತು, ಯಾಕ ನಿಂತ್ತು?" ಎಂದು ಕೂಗಿದಳು. ಆ ರಾತ್ರಿಯೇ ಮಾತು ಮುಗಿಯಿತು.

ಅಂಬಾಬಾಯಿ ಅಡಿಗೆಮನೆಯ ಪಾಲು ಸೆರಗಿಗೆ ಕಟ್ಟಿಕೊಂಡು, ಮನೆ ಮಾರಿದ್ದು ತಾನೇ ಎಂದು ಊರೆಲ್ಲ ಹೇಳುತ್ತ ಹೋದಳು. ಕಲ್ಮೇಶಪ್ಪ ಹಲಗೆ ಕಿತ್ತರು, ಹಾಸಿಗೆ ಸುತ್ತಿದರು. ಮನೆ ಹೋದ ಮೇಲೆ ದಲ್ಲಾಳಿ ಒಂದು ಹೊತ್ತೂ ನಿಲ್ಲುವಂತಿಲ್ಲ.

"ಕೆರಿ ದಂಡಿ ಮ್ಯಾಲೆ ಮುಂಜಾನೆ ಥಂಡಿ ಭಾಳ," ಅಂದರು, ನನ್ನ ಮುಖ ನೋಡದೆ. "ಎಲ್ಲಾ ಕೌದಿ ಮಾರಬ್ಯಾಡ್ರಿ. ನಿಮಗೊಂದು ಇಟಗೋರಿ."

ಹೋದರು. ನಾನೂ ಹೋದೆ. ಕೊನೆಯ ಹಕ್ಕಿಗಳು ಇನ್ನೂ ಕೆರೆಯಲ್ಲಿರುವಾಗಲೇ ಬಸಲಿಂಗವ್ವ ಕೀಲಿಕೈ ನನ್ನ ಕೈಗೆ ಹಾಕಿದಳು.

ಆ ಬೆಳಕಿನ ವಿಷಯ ಏನು ಹೇಳಲಿ! ನೂಲಿನ ಎಳೆ ಎಳೆಯೂ ಕಾಣುತ್ತಿತ್ತು. ಕೆಂಪು ಕೆಂಪಾಗಿಯೇ ಕಂಡಿತು, ಕಂದು ಕಂದಾಗಿಯೇ ಕಂಡಿತು. ಸೂಜಿಗೆ ದಾರವನ್ನು ನಾನೇ ಪೋಣಿಸಿದೆ, ಒಂದೇ ಸಲಕ್ಕೆ. ಪೋಣಿಸಿ, ಯಾಕೋ ಅಳು ಬಂತು. ಬೇಕೆಂದದ್ದು ಕೈಗೆ ಬಂದಿದೆ, ಇದೇನು ಹೊಸ ಚಾಳಿ ಎಂದು ನನ್ನನ್ನೇ ಬಯ್ದುಕೊಂಡೆ. ರೊಟ್ಟಿ ಬಡಿದೆ, ಮೂರು ಸಾಕಿದ್ದಲ್ಲಿ ಆರು ಬಡಿದಿದ್ದೆ. ಪಲ್ಯದಲ್ಲಿ ಉಪ್ಪು ಸರಿಯಾಗಿದೆಯೋ ಇಲ್ಲವೋ ತಿಳಿಯಲೇ ಇಲ್ಲ. ಸಂಜೆ ಕೆರೆಗೆ ಮುಖ ಮಾಡಿ ಕೂತರೆ ನಗಿಸುವವರಿಲ್ಲ. ನನಗೆ ಆ ಮನುಷ್ಯ ಬೇಕಾಗಿದ್ದರು. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ?

ಮೂರನೆಯ ದಿನ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ನೆಟ್ಟಗೆ ದಲ್ಲಾಳಿ ಕಟ್ಟೆಗೆ ನಡೆದೆ. ಮನೆ ಇಲ್ಲದ ದಲ್ಲಾಳಿಗಳೆಲ್ಲ ಸಾಲಾಗಿ ಕೂತಿದ್ದರು. ಅಂಬಾಬಾಯಿಯೂ ಇದ್ದಳು. ಕಲ್ಮೇಶಪ್ಪ ತುದಿಯಲ್ಲಿ, ಹಾಸಿಗೆ ಸುರುಳಿಯ ಮೇಲೆ.

"ಒಂದು ಮನಿ ಮಾರೂದೈತ್ರಿ," ಎಂದೆ ಅವರ ಎದುರು ನಿಂತು.

"ಯಾವ ಮನಿ?"

"ಕೆರಿ ದಂಡಿ ಮನಿ."

"ಮೊನ್ನೆರ ಕೊಂಡೀರಿ. ಅದಕ್ಕೇನ ದೋಷ ಬಂತು?"

ಇಡೀ ಕಟ್ಟೆ ಕಿವಿ ನಿಮಿರಿಸಿತು. ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಎಂದುಕೊಂಡೆ.

"ಪಲ್ಯಕ್ಕ ಉಪ್ಪ ಮುಂದಾದ್ರ ಹೇಳವರ ಇಲ್ಲ."

ಅಂಬಾಬಾಯಿ ಕಿಸಕ್ಕನೆ ನಕ್ಕಳು. ಕಲ್ಮೇಶಪ್ಪನವರ ಮುಖಕ್ಕೆ ಅಮಾವಾಸ್ಯೆಯ ದಿನದ ಕೆಂಪೇ ಮತ್ತೆ ಏರಿತು. ಆದರೆ ತಲೆ ಅಲ್ಲಾಡಿಸಿದರು.

"ಚೂಡಾಮಣಿಯವರ, ಮಾರೂ ಮನಸಿಲ್ಲದ ಮನಿಗೆ ನಾ ಹ್ಯಾಂಗ ಹಲಗಿ ಬಡೀಲಿ? ಗಿರಾಕಿ ಬರತಾರ, ಕೇಳತಾರ. ನಾ ಸುಳ್ಳ ಹೇಳಾಕ ಆಗೂದಿಲ್ಲ."

ಇಷ್ಟು ದೂರ ಬಂದು, ಇಷ್ಟು ಜನರೆದುರು ನಾಚಿಕೆ ಬಿಟ್ಟು ಕೇಳಿ, ಬರಿಗೈಲಿ ಹಿಂತಿರುಗುವುದೇ? ಸಿಟ್ಟೇ ನನ್ನ ಕೈ ಹಿಡಿಯಿತು.

"ಸುಳ್ಳ ಹೇಳ್ರಿ ಅಂತ ನಾ ಎಲ್ಲಿ ಅಂದೆ? ಹಲಗಿ ಬಡೀರಿ. ಕೇಳಿದವರಿಗೆ ಇದ್ದದ್ದ ಇದ್ದಂಗ ಹೇಳಿ ಕಳಸ್ರಿ. ಅಷ್ಟ ನಿಮ್ಮ ಕೆಲಸ."

ಅವರು ಯೋಚಿಸಿದರು. ಎಡಗೈ ಹಾಸಿಗೆಯ ಹಗ್ಗವನ್ನು ಬಿಚ್ಚುತ್ತ ಕಟ್ಟುತ್ತ ಇತ್ತು.

"ಕರಾರು?"

"ಸುಣ್ಣದಿಂದ ಸುಣ್ಣಕ್ಕ."

"ದೀಪಾವಳಿಗೆ ಸುಣ್ಣ ಬಳೀತೀರಿ. ಆಮ್ಯಾಲೆ?"

"ಅಲ್ಲಿ ಅಷ್ಟ ಬೆಳಕೈತಿ. ಸುಣ್ಣ ಯಾಕ ಬೇಕ್ರಿ ಆ ಮನಿಗೆ?"

ಕಲ್ಮೇಶಪ್ಪ ಎದ್ದು ಹಾಸಿಗೆಯನ್ನು ಹೆಗಲಿಗೇರಿಸಿದರು. ಕಟ್ಟೆಯ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಾವು ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಕೆರೆಯ ಮನೆಗೆ ಗಿರಾಕಿಗಳಿಗೇನು ಬರ? ಅಂಥ ಜಾಗ. ಮೊನ್ನೆ ಒಬ್ಬ ಜರತಾರಿ ರುಮಾಲಿನವನು ಬಂದ. ನಾನು ಒಳಗೆ ಕೌದಿಯ ಅಂಚು ಮಡಚುತ್ತಿದ್ದೆ. ಹೊರಗೆ ಪಡಸಾಲೆಯಲ್ಲಿ ಕಲ್ಮೇಶಪ್ಪ ಎಂದಿನಂತೆ ಗಾಳಿ ಹೇಳಿದರು, ಬೆಳಕು ಹೇಳಿದರು, ಮುಂಜಾನೆಯ ಥಂಡಿ ಹೇಳಿದರು.

"ದೋಷ?" ಎಂದು ಅವನು ಕೇಳಿದ.

"ಒಂದ ಐತ್ರಿ. ಒಡತಿ ಮಾರೂದಿಲ್ಲ."

"ಮಾರೂದಿಲ್ಲಂದ್ರ ಹಲಗಿ ಯಾಕ? ನೀವ ಯಾಕ ಕುಂತೀರಿ ಇಲ್ಲಿ?"

ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೇನೋ. ನನ್ನ ಸೂಜಿ ಬಟ್ಟೆಯಲ್ಲಿ ಅರ್ಧಕ್ಕೇ ನಿಂತಿತು.

"ಇದು ನನ್ನ ಮನಿ ಅದಕ್ಕ," ಅಂದರು ಕಲ್ಮೇಶಪ್ಪ.

ಮನೆಯೊಂದರ ವಿಷಯದಲ್ಲಿ ಅವರು ಸುಳ್ಳು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಕಣ್ಣೊರೆಸಿಕೊಂಡು, ತಾಟು ಹಾಕಿ, ಊಟಕ್ಕೆ ಕರೆದೆ.